ಜೋಡಿ ಮುಚ್ಚಳ

ಒಂದು ಇಂಜಿನ್ನಿಗೆ ಒಂದೇ ಕೈ. ಅಪ್ಪ ಮಾಡಿಟ್ಟು ಹೋದ ಈ ಕಟ್ಟಳೆಯಲ್ಲಿ ಪುಟ್ಟಿ ಹನ್ನೊಂದು ವರ್ಷದಿಂದ ಸಿಕ್ಕಿಬಿದ್ದಿದ್ದಳು. ಹಳೆಯ ಕಾರುಗಳ ಇಂಜಿನ್ ಬಿಚ್ಚಿ ಜೋಡಿಸುವುದು ಅಣ್ಣನ ಪಾಲು. ಕಪ್ಪು ಹಿಡಿದು ಬಂದ ಅಲ್ಯೂಮಿನಿಯಂ ಭಾಗಗಳನ್ನು ಉಜ್ಜಿ ಮುಖ ಕಾಣುವಂತೆ ಮಾಡುವುದು ಪುಟ್ಟಿಯ ಪಾಲು. ಮೂವತ್ತಾರು ತುಂಬಿದರೂ ಮನೆಯಲ್ಲಿ ಅವಳು ಪುಟ್ಟಿಯೇ.

ಕಟ್ಟಳೆಯಲ್ಲಿ ಸುಳ್ಳೇನಿರಲಿಲ್ಲ. ಉಜ್ಜುವ ಕೈಯ ಒತ್ತಡ ಒಬ್ಬೊಬ್ಬರದು ಒಂದೊಂದು ಥರ. ಒಂದೇ ಇಂಜಿನ್ನಿಗೆ ಇಬ್ಬರು ಕೈ ಹಾಕಿದರೆ, ಬಿಸಿಲಿಗೆ ಹಿಡಿದಾಗ ಎರಡು ಭಾಗಗಳ ಹೊಳಪು ಎರಡು ಬಗೆ ಕಾಣುತ್ತದೆ. ಅದಕ್ಕೇ ಶುರು ಮಾಡಿದವರೇ ಮುಗಿಸಬೇಕು. ಆದರೆ ಅಣ್ಣ ಇದನ್ನೇ ಬೇಲಿ ಮಾಡಿಕೊಂಡಿದ್ದ. ಪುಟ್ಟಿ ಬೇರೆ ಕೆಲಸದ ಮಾತೆತ್ತಿದರೆ ಸಾಕು, ಹೊಸ ಇಂಜಿನ್ನಿನ ಯಾವುದೋ ಚೂರು ಅವಳ ಮೇಜಿನ ಮೇಲೆ ಬಂದು ಕೂರುತ್ತಿತ್ತು. "ಇದೊಂದು ಸ್ವಲ್ಪ ನೋಡು" ಅನ್ನುತ್ತಿದ್ದ. ನೋಡಿದ ಮೇಲೆ ಮುಟ್ಟದೆ ಇರುವುದು ಅವಳ ಕೈಲಾಗದು. ಮುಟ್ಟಿದಳೋ, ಮೂರು ತಿಂಗಳು ಹೋಯಿತೆಂದೇ ಲೆಕ್ಕ. ಹೀಗೇ ಎರಡು ಕೆಲಸ ಕೈತಪ್ಪಿದ್ದವು.

ಅಣ್ಣ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಎಷ್ಟೋ ಸಲೀಸಾಗಿತ್ತು. ತಂಗಿಗೆ ಜ್ವರ ಬಂದರೆ ಗ್ಯಾರೇಜಿಗೆ ಬೀಗ ಜಡಿದು ಅವಳ ಕಾಲ ಬಳಿ ಕೂರುವ ಪ್ರಾಣಿ ಅವನು. ಅಂಥವನನ್ನು ಬೈಯಲು ಬಾಯಿ ಬರದೆ ಪುಟ್ಟಿ ಗೋಡೆಯ ಕಡೆ ತಿರುಗಿ ಉಜ್ಜುತ್ತಿದ್ದಳು.

ಈ ಸಲ ಕೃತಕ ಕಾಲು ತಯಾರಿಸುವ ಕಾರ್ಖಾನೆಯಿಂದ ಕಾಗದ ಬಂದಿತ್ತು. ಮಂಡಿಯ ಕೀಲುಗಳನ್ನು ನಯ ಮಾಡುವ ಕೆಲಸ, ಬೇರೆ ಊರು. ಸೋಮವಾರ ಬೆಳಗ್ಗೆ ಹಾಜರಾಗದಿದ್ದರೆ ಮುಂದಿನವರನ್ನು ಕರೆಯುತ್ತೇವೆ ಎಂದು ಬಿಡಿಸಿ ಬರೆದಿದ್ದರು. ಮೇಜಿನ ಮೇಲಿದ್ದದ್ದು ಕಣ್ಣಿನ ಡಾಕ್ಟರೊಬ್ಬರ ಕಾರಿನ ಕೆಲಸ, ಇಂಜಿನ್ನಿನ ನೆತ್ತಿಯ ಮೇಲೆ ಅಕ್ಕಪಕ್ಕ ಕೂರುವ ಎರಡು ಉದ್ದನೆಯ ಮುಚ್ಚಳ. ಕೈಗೆ ಬಂದಿದ್ದು ಒಂದೇ. ಇನ್ನೊಂದು ಬಿರುಕು ಬಿಟ್ಟಿದೆ, ವೆಲ್ಡಿಂಗಿಗೆ ಹೋಗಿದೆ ಎಂದು ಅಣ್ಣ ತಿಂಗಳಿಂದ ಹೇಳುತ್ತಿದ್ದ.

ಪುಟ್ಟಿ ಬಂದಿದ್ದನ್ನು ಮುಗಿಸಿದಳು. ಒರಟು ಉಪ್ಪುಕಾಗದ, ಅದಕ್ಕಿಂತ ನಯದ್ದು, ನೀರು ಹಚ್ಚಿ ಇನ್ನೂ ನಯದ್ದು. ಪ್ರತಿ ಸಲವೂ ಹಿಂದಿನ ಗೀರುಗಳಿಗೆ ಅಡ್ಡಲಾಗಿ, ಅವು ಪೂರ್ತಿ ಅಳಿಯುವ ತನಕ. ಆಮೇಲೆ ಬಟ್ಟೆಯ ಚಕ್ರ, ಪಾಲಿಶ್ ಸೋಪು, ಮೊಣಕೈವರೆಗೆ ಮಸಿ. ಇಪ್ಪತ್ತಾರು ದಿನ ಹಿಡಿಯಿತು. ಮುಚ್ಚಳದಲ್ಲಿ ಕಿಟಕಿಯ ಸರಳುಗಳು ಒಂದೂ ಸೊಟ್ಟಗಾಗದೆ ಕಾಣುತ್ತಿದ್ದವು.

ಶನಿವಾರ ಬೆಳಗ್ಗೆ ಅವಳು ಬ್ಯಾಗು ತುಂಬಿಕೊಂಡು ಹೇಳಿಹೋಗಲು ಗ್ಯಾರೇಜಿಗೆ ಬಂದರೆ, ಅಣ್ಣ ಹಳೆ ಪೇಪರಿನಲ್ಲಿ ಸುತ್ತಿದ ಎರಡನೇ ಮುಚ್ಚಳ ಹಿಡಿದು ನಿಂತಿದ್ದ.

"ಈಗಷ್ಟೇ ಬಂತು ನೋಡು. ಜೋಡಿ ಮುರೀಬಾರ್ದಲ್ವಾ ಪುಟ್ಟಿ? ಇದೊಂದು ಮುಗಿಸಿಕೊಟ್ಟು ಹೋಗ್ಬಿಡು."

"ಸೋಮವಾರ ನಾನು ಅಲ್ಲಿರ್ಬೇಕು ಅಣ್ಣ."

"ಒಂದು ತಿಂಗಳು ತಡ ಆಗುತ್ತೆ ಅಂತ ಬರೆದು ಹಾಕು. ನಿನ್ನಂಥ ಕೈ ಅವರಿಗೆಲ್ಲಿ ಸಿಗುತ್ತೆ? ಕಾಯ್ತಾರೆ."

ಪುಟ್ಟಿ ಪೇಪರು ಬಿಚ್ಚಿದಳು. ಹಳೇ ಎಣ್ಣೆಯ ಜಿಡ್ಡು, ಅದರ ಮೇಲೆ ಧೂಳು. ಬಿರುಕೂ ಇಲ್ಲ, ಬೆಸೆದ ಗುರುತೂ ಇಲ್ಲ.

"ವೆಲ್ಡಿಂಗ್ ಎಲ್ಲಣ್ಣ?"

ಅಣ್ಣ ತಲೆ ಕೆರೆದುಕೊಂಡ. ಟೀ ಹಿಡಿದು ಬಂದ ಅತ್ತಿಗೆ ಮುಚ್ಚಳ ನೋಡಿದ್ದೇ, "ಅಯ್ಯೋ, ಇದು ನಮ್ಮ ಮಂಚದ ಕೆಳಗಿತ್ತಲ್ಲ! ದಿನಾ ಪೊರಕೆಗೆ ಅಡ್ಡ ಬರ್ತಿತ್ತು" ಅಂದುಬಿಟ್ಟಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಪುಟ್ಟಿಗೆ ಮೈಯೆಲ್ಲ ಉರಿದುಹೋಯಿತು. ಆದರೆ ಆ ಉರಿಯ ನಡುವೆಯೇ ಅವಳ ಹೆಬ್ಬೆರಳು ಎರಡನೇ ಮುಚ್ಚಳದ ಅಂಚು ತಡಕುತ್ತ, ಎಷ್ಟು ಆಳದ ಗೀರಿದೆ ಎಂದು ಅಳೆಯುತ್ತಿತ್ತು. ಅದನ್ನು ಕಂಡು ಅವಳಿಗೆ ನಿಜವಾಗಿ ಹೆದರಿಕೆಯಾಯಿತು. ಅಣ್ಣನ ಬೇಲಿಯನ್ನು ಹೇಗೋ ದಾಟಬಹುದು, ಈ ಕೈಯನ್ನು ಎಲ್ಲಿ ಬಿಟ್ಟು ಹೋಗುವುದು?

"ಡಾಕ್ಟರ್‌ಗೆ ಏನಂತ ಹೇಳ್ಲಿ? ಎರಡು ಬೇರೆ ಬೇರೆ ಕೈ ಅಂತ ಅವ್ರು ಕಣ್ಣು ಮುಚ್ಕೊಂಡೇ ಹೇಳ್ತಾರೆ" ಎಂದು ಅಣ್ಣ ಗೋಗರೆದ.

ಪುಟ್ಟಿ ಬ್ಯಾಗು ಕೆಳಗಿಟ್ಟು, ಇದ್ದದ್ದರಲ್ಲೇ ಒರಟಾದ ಉಪ್ಪುಕಾಗದ ಕೈಗೆತ್ತಿಕೊಂಡಳು. ಅಣ್ಣನ ಮುಖ ಅರಳಿತು. ಅವನೇ ಸ್ಟೂಲು ಎಳೆದು ಹಾಕಿದ. ಅವಳು ಕೂರಲಿಲ್ಲ. ಹೊಳೆಯುತ್ತಿದ್ದ ಮುಚ್ಚಳವನ್ನು ಹತ್ತಿರಕ್ಕೆ ಎಳೆದುಕೊಂಡು, ಅದರ ನಟ್ಟನಡುವೆ ಕಾಗದವನ್ನು ಒತ್ತಿ ಎಳೆದಳು.

"ಪುಟ್ಟೀ!"

ಮೊದಲ ಎಳೆತಕ್ಕೇ ಕೈ ತಾನಾಗಿಯೇ ನಿಂತಿತು. ಅವಳು ಹಲ್ಲು ಕಚ್ಚಿ ಅದನ್ನು ಮತ್ತೆ ನಡೆಸಿದಳು. ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಇಪ್ಪತ್ತಾರು ದಿನದ ಹೊಳಪು ಕಾಲು ಗಂಟೆಯೊಳಗೆ ಬೂದಿ ಬಣ್ಣಕ್ಕೆ ತಿರುಗಿತು.

"ನಾನು ಶುರು ಮಾಡಿದ್ದು ಏನೂ ಉಳಿದಿಲ್ಲ ಅಣ್ಣ. ಈಗ ಎರಡಕ್ಕೂ ಮೊದಲಿಂದ ಕೆಲಸ. ಯಾರ ಕೈಯಾದ್ರೂ ಆಗುತ್ತೆ."

ಅಣ್ಣ ಬೈಯಲಿಲ್ಲ. ತಾನು ಎಳೆದು ಹಾಕಿದ ಸ್ಟೂಲಿನ ಮೇಲೆ ತಾನೇ ಕುಳಿತ. ಉಪ್ಪುಕಾಗದವನ್ನು ತೆಗೆದುಕೊಂಡ. ಹೇಗೆ ಹಿಡಿಯುವುದೆಂದು ತಿಳಿಯದೆ ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.

"ಇದಾದ್ಮೇಲೆ ಯಾವ ಕಾಗದ, ಪುಟ್ಟಿ? ಅಷ್ಟು ಹೇಳಿ ಹೋಗು."

ಈ ಸಲ ಅದರಲ್ಲಿ ಹೂಟವೇನೂ ಇರಲಿಲ್ಲ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಹೇಳುವುದಕ್ಕೆ ಎರಡು ಮಾತು ಸಾಕಿತ್ತು. ಆದರೆ ಹೇಳಿದರೆ ತೋರಿಸಬೇಕಾಗುತ್ತದೆ, ತೋರಿಸಬೇಕೆಂದರೆ ಕೂರಬೇಕಾಗುತ್ತದೆ. ಪುಟ್ಟಿ ಎರಡೂ ಕೈಗಳಿಂದ ಬ್ಯಾಗನ್ನು ಎತ್ತಿ ಎದೆಗವಚಿಕೊಂಡು, ಅಣ್ಣನಿಗೆ ಉತ್ತರ ಕೊಡದೆ ಹೊರಟಳು.