ಐದು ನಾಣ್ಯ, ನಾಲ್ಕು ಡಬ್ಬಿ

ಚೌಕಟ್ಟು ಹಾಕಿದರೆ ಕತ್ತೆಯ ಫೋಟೋಗೂ ಬೆಲೆ ಬರುತ್ತದೆ ಎಂದು ಫ್ರೇಮ್ ಅಂಗಡಿಯವನು ಬಲವಾಗಿ ನಂಬಿದ್ದ. ನಂಬದೆ ಏನು ಮಾಡಿಯಾನು? ಇಪ್ಪತ್ತು ವರ್ಷದಿಂದ ಅದೇ ಅವನ ಅನ್ನ. ಹಾಗಾಗಿ ಅವನ ಅಕ್ಕ ಬಂದು ಐದು ಡಬ್ಬಿಗಳನ್ನು ಮೇಜಿನ ಮೇಲಿಟ್ಟಾಗ ಅವನು ಹಿಂದುಮುಂದು ನೋಡಲಿಲ್ಲ.

ಡಬ್ಬಿಗಳು ತೀರಿಕೊಂಡ ಭಾವನವು. ಭಾವ ಬಸ್ ಓಡಿಸುತ್ತಿದ್ದರು. ನಾಣ್ಯ ಅಚ್ಚು ಹಾಕುವ ಟಂಕಸಾಲೆಯವರು ಸಂಗ್ರಹಕ್ಕೆಂದೇ ಹೊರತರುವ ನಾಣ್ಯಗಳನ್ನು ಆಗಾಗ ಕೊಂಡು ತಂದು, ಬೀರುವಿನಲ್ಲಿ ಜೋಪಾನವಾಗಿ ಇಡುತ್ತಿದ್ದರು. ಅಕ್ಕ ಹದಿನೈದು ವರ್ಷದಿಂದ ಯಾರದೋ ಬೇಕರಿಯಲ್ಲಿ ದುಡಿಯುತ್ತಿದ್ದಳು. ಈಗ ಬೀದಿಯ ಕೊನೆಯಲ್ಲಿ ಓವನ್ ಸಮೇತ ಒಂದು ಮಳಿಗೆ ಬಾಡಿಗೆಗೆ ಸಿಕ್ಕಿತ್ತು. ಶನಿವಾರದೊಳಗೆ ಮುಂಗಡ ಕೊಡದಿದ್ದರೆ ಅದು ಬೇರೆಯವರ ಪಾಲು.

"ಇವನ್ನ ಮಾರಿಬಿಡೋಣ ಕಣೋ," ಎಂದಳು ಅಕ್ಕ. "ನೋಡೋಕೆ ಲಕ್ಷಣವಾಗಿರಲಿ, ಏನಾದ್ರೂ ಮಾಡು."

"ನೀನು ನಿಶ್ಚಿಂತೆಯಿಂದ ಹೋಗು ಅಕ್ಕ. ನಾನಿದ್ದೀನಲ್ಲ!"

ಅವನಿದ್ದದ್ದೇ ತೊಂದರೆಯಾಯಿತು ನೋಡಿ. ಮರುದಿನ ಬೆಳಿಗ್ಗೆ ಅಂಗಡಿ ತೆರೆದವನೇ ಎಲ್ಲಕ್ಕಿಂತ ಚಿಕ್ಕ ನಾಣ್ಯದ ಪ್ಲಾಸ್ಟಿಕ್ ಡಬ್ಬಿಯನ್ನು ಬ್ಲೇಡಿನಿಂದ ಸೀಳಿದ. ಗಾಜು ಒರೆಸುವ ಬಟ್ಟೆಯಲ್ಲಿ ನಾಣ್ಯವನ್ನು ಗಸಗಸ ಉಜ್ಜಿ, ಕೆಂಪು ಮಖಮಲ್ಲಿನ ಮೇಲೆ ಅಂಟು ಹಾಕಿ ಕೂರಿಸಿದ. ಜೊತೆಗಿದ್ದ ಚೀಟಿ ಕಸದ ಬುಟ್ಟಿ ಸೇರಿತು. ಎರಡನೇ ಡಬ್ಬಿಗೆ ಬ್ಲೇಡು ತಾಗಿಸಬೇಕು, ಅಷ್ಟರಲ್ಲಿ ಪಕ್ಕದ ಮನೆಯಾಕೆ ತಮ್ಮ ಫೋಟೋ ಒಯ್ಯಲು ಬಂದರು. ಟಂಕಸಾಲೆಯ ಪ್ಯಾಕಿಂಗ್ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಿಯಾದವರು. ಬೀದಿಗೆಲ್ಲ ಅವರು ಟಂಕಸಾಲೆ ಚಿಕ್ಕಮ್ಮ.

"ಏಯ್, ನಿಲ್ಲಿಸೋ! ಬ್ಲೇಡು ಕೆಳಗಿಡು!"

ಅವನು ಬೆಚ್ಚಿಬಿದ್ದ. "ಏನಾಯ್ತು ಚಿಕ್ಕಮ್ಮ? ಡಬ್ಬಿ ತೆಗೀತಿದ್ದೀನಿ ಅಷ್ಟೇ. ಚಪ್ಪಲಿ ಕೊಂಡವನು ಡಬ್ಬಿ ಹಾಕ್ಕೊಂಡು ನಡೀತಾನಾ?"

"ಚಪ್ಪಲಿ ಸವೆಸೋಕೆ ಕೊಳ್ತಾರೆ. ಇದು ಸವೆಯಬಾರದು ಅಂತ ಕೊಳ್ತಾರೆ. ಗ್ಲೌಸ್ ಹಾಕ್ಕೊಂಡು, ಅಂಚು ಮಾತ್ರ ಹಿಡಿದು, ಒಂದೊಂದನ್ನೇ ಡಬ್ಬಿಗೆ ಇಳಿಸಿದ ಕೈ ಇದು. ಯಾಕೆ, ನಮಗೇನು ಬೇರೆ ಕೆಲಸ ಇರಲಿಲ್ವಾ? ಬೆರಳು ತಾಗಿದ್ರೆ ಕಲೆ. ಬಟ್ಟೇಲಿ ಉಜ್ಜಿದ್ರೆ ಗೀರು. ನಿನ್ನ ಕಣ್ಣಿಗೆ ಕಾಣಲ್ಲ, ಕೊಳ್ಳೋನು ಭೂತಗನ್ನಡಿ ಹಿಡಿದೇ ಕೂತಿರ್ತಾನೆ."

"ಉಜ್ಜಿದ್ರೆ ಹೊಳೆಯುತ್ತಲ್ಲ ಚಿಕ್ಕಮ್ಮ?"

"ಆ ಹೊಳಪು ನೋಡಿದ್ರೇನೇ ಅವನು ಬೆಲೆ ಇಳಿಸೋದು!"

ಅವನು ಅಷ್ಟು ಸುಲಭಕ್ಕೆ ಸೋಲುವವನಲ್ಲ. "ಹೋಗ್ಲಿ ಬಿಡಿ, ಕೆಟ್ಟಿದ್ರೂ ಕೆಟ್ಟಿದ್ದು ಚಿಕ್ಕದು. ದೊಡ್ಡದು ಇಲ್ಲೇ ಇದೆಯಲ್ಲ, ತಟ್ಟೆ ಇದ್ದ ಹಾಗೆ!"

ಚಿಕ್ಕಮ್ಮ ಕನ್ನಡಕ ಏರಿಸಿ, ನಾಣ್ಯವನ್ನು ಮುಟ್ಟದೆ, ದೊಡ್ಡದರ ಹೊರಗಿನ ಪೆಟ್ಟಿಗೆಯಿಂದ ಚೀಟಿಯನ್ನಷ್ಟೇ ಎಳೆದು ಅವನ ಕೈಗಿತ್ತರು. "ಓದು. ಎಷ್ಟು ಅಚ್ಚು ಹಾಕಿದ್ದಾರೆ?"

"ಐದು ಲಕ್ಷ."

"ಇಂಥವೇ ಐದು ಲಕ್ಷ ಇದ್ರೆ, ಬೇಕು ಅನ್ನೋನು ನಿನ್ನ ಅಂಗಡಿಗೇ ಯಾಕೆ ಬರ್ತಾನೆ? ಈಗ ಆ ಚಿಕ್ಕದರ ಚೀಟಿ ತೆಗಿ."

ಅವನು ಬುಟ್ಟಿಗೆ ಕೈಹಾಕಿ, ಚೀಟಿಗೆ ಮೆತ್ತಿದ್ದ ಮರದ ಪುಡಿ ಕೊಡವಿ ಓದಿದ. "ಮೂರು ಸಾವಿರ. ಬರೀ ಮೂರು ಸಾವಿರ, ಚಿಕ್ಕಮ್ಮ."

"ಕಡಿಮೆ ಅಚ್ಚಾದ ಮಾತ್ರಕ್ಕೇ ಬೆಲೆ ಬರಲ್ಲ, ಬೇಕು ಅನ್ನೋರೂ ಇರಬೇಕು. ಇದನ್ನ ಹುಡುಕ್ಕೊಂಡು ಬರೋರು ಇದ್ದಾರೆ ಕಣೋ, ಅದೇ ಸಂಕಟ."

ಅವನ ಕೈ ತಾನಾಗಿಯೇ ಅಂಟು ಬಿಡಿಸುವ ಥಿನ್ನರ್ ಬಾಟಲಿಯತ್ತ ಹೋಯಿತು.

"ಅದನ್ನ ಮುಟ್ಟಿದ್ರೆ ನೋಡು! ಕೆರೆಯೋದೂ ಬೇಡ, ತೊಳೆಯೋದೂ ಬೇಡ. ಹೇಗಿದೆಯೋ ಹಾಗೇ ಬಿಡು. ಮೊದಲು ಹೋಗಿ ಅಕ್ಕನಿಗೆ ಹೇಳು."

ಹೇಳಿದ. ಅಕ್ಕ ಬಯ್ಯಲಿಲ್ಲ. "ನಿಮ್ಮ ಭಾವ ಅದನ್ನ ಒಂದು ಸಲಾನೂ ಡಬ್ಬಿಯಿಂದ ಹೊರಗೆ ತೆಗೆದಿರಲಿಲ್ಲ ಕಣೋ," ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅವನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಚಿಕ್ಕಮ್ಮ ಮಾತ್ರ ಧೈರ್ಯಗೆಡುವ ಪೈಕಿಯಲ್ಲ. ಉಳಿದ ನಾಲ್ಕು ಚೀಟಿಗಳನ್ನೂ ಓದಿಸಿದರು. ಒಂದರಲ್ಲಿ "ನಾಲ್ಕು ಸಾವಿರಕ್ಕೆ ಮೀರದಂತೆ" ಎಂದಿತ್ತು. "ಇದು ಹೆಚ್ಚೆಂದರೆ ಎಷ್ಟು ಅನ್ನೋ ಲೆಕ್ಕ. ನಿಜವಾಗಿ ಎಷ್ಟು ಹಾಕಿದ್ರು ಅಂತ ಟಂಕಸಾಲೆಯ ಪಟ್ಟೀಲಿ ನೋಡಬೇಕು," ಎಂದು ಪಟ್ಟಿ ತರಿಸಿ ನೋಡಿದರೆ ಇನ್ನೂ ಕಡಿಮೆ!

ಶುಕ್ರವಾರ ಮೂವರೂ ನಾಣ್ಯ ಕೊಳ್ಳುವ ಎರಡು ಅಂಗಡಿ ಸುತ್ತಿದರು. ಮೊದಲನೆಯವನು ಹೇಳಿದ ಬೆಲೆಗೆ ಚಿಕ್ಕಮ್ಮ ನಕ್ಕು ಎದ್ದು ಬಂದರು. ಎರಡನೆಯವನು ಡಬ್ಬಿ, ಹೊರಗಿನ ಪೆಟ್ಟಿಗೆ, ಚೀಟಿ ಮೂರೂ ಸರಿಯಿದ್ದ, ನಾಲ್ಕು ಸಾವಿರ ಮೀರದ ಆ ಒಂದು ನಾಣ್ಯಕ್ಕೇ ಮಳಿಗೆಯ ಮುಂಗಡದಷ್ಟು ಕೊಟ್ಟ. ದೊಡ್ಡ ತಟ್ಟೆಯೂ ಸೇರಿ ಉಳಿದ ಮೂರಕ್ಕೆ ಸಿಕ್ಕಿದ್ದು ಅಷ್ಟಕ್ಕಷ್ಟೇ. ಅಂಟಿಸಿದ್ದನ್ನು ಭೂತಗನ್ನಡಿಯಲ್ಲಿ ನೋಡಿ ಕೆಳಗಿಟ್ಟುಬಿಟ್ಟ. "ಡಬ್ಬಿಯಲ್ಲೇ ಇದ್ದಿದ್ರೆ ಎಲ್ಲಕ್ಕಿಂತ ಹೆಚ್ಚು ಇದಕ್ಕೇ ಕೊಡ್ತಿದ್ದೆ ಸ್ವಾಮಿ."

ಅಕ್ಕನ ಕೈಗೆ ಮಳಿಗೆಯ ಬೀಗದ ಕೈ ಬಂತು. ಹಿಟ್ಟು ಕಲಸುವ ಯಂತ್ರಕ್ಕೆ ಮಾತ್ರ ದುಡ್ಡು ಸಾಲಲಿಲ್ಲ. ಕೆಡದಿದ್ದರೆ ಆ ಚಿಕ್ಕ ನಾಣ್ಯ ಅದನ್ನು ಕೊಡಿಸುತ್ತಿತ್ತು. ಹಾಗಾಗಿ ಯಂತ್ರ ಬರುವವರೆಗೆ ಯಂತ್ರದ ಕೆಲಸ ತನ್ನದು ಎಂದು ತಮ್ಮನೇ ಒಪ್ಪಿಕೊಂಡ.

ನಿಮ್ಮ ಬೀರುವಿನಲ್ಲೂ ಇಂಥ ನಾಣ್ಯ ಇದ್ದೀತು, ಇವತ್ತೇ ನೋಡಿ. ಡಬ್ಬಿ ಬಿಚ್ಚಬೇಡಿ, ಉಜ್ಜಬೇಡಿ, ಚೀಟಿ ಬಿಸಾಡಬೇಡಿ. ಗಾತ್ರಕ್ಕೆ ಮರುಳಾಗದೆ ಎಷ್ಟು ಅಚ್ಚಾಗಿದೆ ಎಂದು ಓದಿ, ಮಾರುವ ಮುಂಚೆ ಇಬ್ಬರನ್ನಾದರೂ ಕೇಳಿ. ನಂಬಿಕೆ ಬರಲಿಲ್ಲವೇ? ಬೆಳಿಗ್ಗೆ ಐದಕ್ಕೆ ಆ ಬೇಕರಿಗೆ ಹೋಗಿ, ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ನಾದುತ್ತಿರುವವನನ್ನೇ ಕೇಳಿ.