ಬಾಕಿ ಇದ್ದ ಒಂದು ಸುತ್ತು

ಗೋಡೆಯನ್ನು ಮಧ್ಯಾಹ್ನ ಒಂದು ಗಂಟೆಗೆ ಕೆಡವುತ್ತೇನೆ ಎಂದು ಬುಲ್ಡೋಜರಿನವನು ಹೇಳಿದ್ದ. ಪಾಪ, ಒಳ್ಳೆಯ ಮನುಷ್ಯ. ಬೆಳಿಗ್ಗೆ ಏಳಕ್ಕೇ ಬಂದು ಜನ ಕೂರುವ ಮೆಟ್ಟಿಲುಗಳನ್ನು ಅರ್ಧ ಉರುಳಿಸಿ, ಗೋಡೆಯ ಹತ್ತಿರ ಬರುತ್ತಲೇ ಇಂಜಿನ್ ನಿಲ್ಲಿಸಿ, "ಇದರ ಮೇಲೆ ಹೆಸರುಗಳಿವೆಯಲ್ಲ, ನೋಡ್ಕೊಂಡು ಹೋಗೋರಿದ್ರೆ ಬಂದು ಹೋಗ್ಲಿ" ಎಂದು ತಾನಾಗಿಯೇ ಸಮಯ ಕೊಟ್ಟಿದ್ದ. ಕಾರ್ ರೇಸಿನ ಈ ಟ್ರ್ಯಾಕನ್ನು ಮಾರಿದವರಿಗೆ ಅಷ್ಟೂ ಮರ್ಯಾದೆ ಇರಲಿಲ್ಲ. ಇನ್ನು ಇಲ್ಲಿ ಗೋದಾಮು ಬರುತ್ತದೆ ಎಂದು ಗೇಟಿಗೆ ನಾಲ್ಕು ಸಾಲಿನ ಕಾಗದ ಅಂಟಿಸಿ ಕೈ ತೊಳೆದುಕೊಂಡಿದ್ದರು. ಐವತ್ತು ವರ್ಷ ಪ್ರತಿ ಭಾನುವಾರ ಊರಿಗೆ ಊರೇ ಖುಷಿಯಿಂದ ಧೂಳು ಕುಡಿದ ಜಾಗ ಅದು.

ಎಣಿಕೆಯಕ್ಕ ಎಣಿಕೆ ಕೋಣೆಯಿಂದ ಹಳೆಯ ಕಾಗದಗಳ ಟ್ರಂಕನ್ನು ಒಂದೊಂದೇ ಮೆಟ್ಟಿಲು ಇಳಿಸುತ್ತಿದ್ದಳು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಆದರೆ ಇಲ್ಲಿ ಯಾರಿಗೂ ಅದು ಬೇಕಾಗಿರಲಿಲ್ಲ. ಇಪ್ಪತ್ಮೂರನೆಯ ವಯಸ್ಸಿಗೆ ಈ ಮೆಟ್ಟಿಲು ಹತ್ತಿದವಳು ಅರವತ್ತೊಂದಕ್ಕೆ ಇಳಿಯುತ್ತಿದ್ದಳು. ಕೋಣೆಯೆಂದರೆ ನಾಲ್ಕು ಕಂಬದ ಮೇಲೆ ಕೂತ ತಗಡಿನ ಡಬ್ಬ. ಒಳಗೆ ಒಂದು ಉದ್ದ ಮೇಜು, ಹನ್ನೆರಡು ಕುರ್ಚಿ. ರೇಸಿಗೆ ಹನ್ನೆರಡು ಕಾರು, ಒಂದೊಂದಕ್ಕೂ ಒಬ್ಬೊಬ್ಬರು ಎಣಿಸುವವರು. ತಮ್ಮ ಪಾಲಿನ ಕಾರು ಗೆರೆ ದಾಟಿದಾಗಲೆಲ್ಲ ಕಾಗದದ ಮೇಲೆ ಪೆನ್ಸಿಲ್‌ನಿಂದ ಒಂದು ಗೀಟು. ಹತ್ತು ಸುತ್ತು ಕಳೆಯುವಷ್ಟರಲ್ಲಿ ಕೆಂಪು ಮಣ್ಣಿನ ಧೂಳಿನಲ್ಲಿ ಯಾರು ಮುಂದೆ, ಯಾರು ಹಿಂದೆ ಎಂಬುದು ಓಡಿಸುವವರಿಗೂ ಗೊತ್ತಾಗುತ್ತಿರಲಿಲ್ಲ. ಕಾಗದ ಹೇಳಿದ್ದೇ ಸರಿ.

ಎಣಿಸುವವರಿಗೆ ಎರಡು ಕಟ್ಟುಪಾಡಿದ್ದವು. ಕಣ್ಣಾರೆ ಕಾಣದ ಸುತ್ತಿಗೆ ಗೀಟು ಹಾಕುವಂತಿಲ್ಲ. ಮತ್ತೆ, ನಿಮ್ಮ ಮನೆಯವರ ಕಾರನ್ನು ನೀವು ಎಣಿಸುವಂತಿಲ್ಲ, ಅವರ ಎದುರಾಳಿಯ ಕಾರನ್ನು ಎಣಿಸಬೇಕು. ನನ್ನ ಗಂಡನ ಮಾನ ನಿನ್ನ ಕೈಯಲ್ಲಿ, ನಿನ್ನ ತಮ್ಮನ ಮಾನ ನನ್ನ ಕೈಯಲ್ಲಿ. ಈ ಏರ್ಪಾಡಿನಿಂದ ಐವತ್ತು ವರ್ಷದಲ್ಲಿ ಒಂದು ಜಗಳವೂ ಆಗಲಿಲ್ಲ ಎಂದು ಎಲ್ಲರೂ ಎದೆ ತಟ್ಟಿ ಹೇಳುತ್ತಿದ್ದರು. ಹಾಗೆ ಹೇಳುವಾಗ ಎಣಿಕೆಯಕ್ಕ ಮಾತ್ರ ಪೆನ್ಸಿಲ್ ಚೂಪು ಮಾಡುತ್ತ ಕೂರುತ್ತಿದ್ದಳು.

ಟ್ರಂಕು ಕೆಳಗಿಳಿಯುವಾಗ ಅವಳ ಗಂಡ ಗೋಡೆಯ ಮುಂದೆ ಕಟಿಂಗ್ ಮಷಿನ್ ಹಿಡಿದು ನಿಂತಿದ್ದ. ಅವನು ಮೆಕ್ಯಾನಿಕ್. ಗೋಡೆಯ ಮೇಲೆ ವರ್ಷಕ್ಕೊಂದರಂತೆ ದೊಡ್ಡ ರೇಸು ಗೆದ್ದವರ ಹೆಸರುಗಳಿದ್ದವು, ಮೂವತ್ತೆಂಟು ವರ್ಷದ ಹಿಂದಿನ ಸಾಲಿನಲ್ಲಿ ಅವನ ಹೆಸರಿತ್ತು. ಜೀವಮಾನದಲ್ಲಿ ಗೆದ್ದದ್ದು ಅದೊಂದೇ. ಆ ರೇಸಿನ ಕಥೆ ಕೇಳದೆ ಅವನ ಗ್ಯಾರೇಜಿನಿಂದ ಒಂದು ಸ್ಕೂಟರೂ ರಿಪೇರಿಯಾಗಿ ಹೊರಗೆ ಹೋಗಿರಲಿಲ್ಲ. ಈಗ ಹೆಸರಿದ್ದಷ್ಟು ಗೋಡೆಯನ್ನು ಕೊಯ್ದು ತೆಗೆದು ಗ್ಯಾರೇಜಿನ ಬಾಗಿಲ ಮೇಲೆ ಕೂರಿಸಬೇಕೆಂದು ಅವನ ಯೋಜನೆ. ಸುತ್ತ ಸೀಮೆಸುಣ್ಣದಲ್ಲಿ ಚೌಕವನ್ನೂ ಎಳೆದಾಗಿತ್ತು.

"ನೀರಣ್ಣಾ, ಪೈಪು ಹಿಡಿಯೋ! ನೀರಿಲ್ದೆ ಕೊಯ್ದರೆ ಬ್ಲೇಡು ಸುಟ್ಟು ಹೋಗುತ್ತೆ" ಎಂದು ಕೂಗಿದ.

ನೀರಣ್ಣ ಟ್ರ್ಯಾಕಿನ ಟ್ಯಾಂಕರ್ ಓಡಿಸುವವನು. ರೇಸಿಗೆ ಮುಂಚೆ ಮಣ್ಣಿಗೆ ನೀರು ಹಾಕುವುದು ಅವನ ಕೆಲಸ. ಹೆಚ್ಚಾದರೆ ಕೆಸರು, ಕಮ್ಮಿಯಾದರೆ ಧೂಳು. ಹಿಮ್ಮಡಿಯಿಂದ ಮಣ್ಣು ಒತ್ತಿ ನೋಡಿ ಹದ ಹೇಳುತ್ತಿದ್ದ. ಅಂಥ ಕೈಗುಣದವನನ್ನು ಜನ ಗೇಲಿ ಮಾಡುತ್ತಿದ್ದುದು ಅವನ ಒಂದು ಚಾಳಿಗೆ. ಏನನ್ನೇ ಆಗಲಿ ಅವನು ಮೂರು ಸಲ ಎಣಿಸುತ್ತಿದ್ದ. ಚಕ್ರದ ಬೋಲ್ಟು ಮೂರು ಸಲ. ನಾಲ್ಕು ಲೋಟ ಚಹಾ ತಂದರೆ ಅದನ್ನೂ ಮೂರು ಸಲ. "ನಾಲ್ಕು ಲೋಟ ನಾಲ್ಕೇ ಇರುತ್ತೆ ಕಣಣ್ಣ, ಮರಿ ಹಾಕಲ್ಲ" ಎಂದು ಯಾರಾದರೂ ನಕ್ಕರೆ, "ನನ್ನ ಎಣಿಕೆ ಮೇಲೆ ನಂಗೇ ನಂಬಿಕೆ ಇಲ್ಲಪ್ಪ" ಎಂದು ತಾನೂ ನಗುತ್ತಿದ್ದ.

ಒಂದು ಕಾಲದಲ್ಲಿ ಅವನೂ ರೇಸಿನವನೇ. ಮೆಕ್ಯಾನಿಕ್ಕಿಗೆ ಎದುರಾಳಿಯೆಂದರೆ ಅವನೇ. ಮೆಕ್ಯಾನಿಕ್ ಗೆದ್ದ ವರ್ಷದ ಮೂವತ್ತು ಸುತ್ತಿನ ರೇಸಿನಲ್ಲಿ ನೀರಣ್ಣನ ಕಾರನ್ನು ಎಣಿಸುವ ಕಾಗದ ಸಿಕ್ಕಿದ್ದು ಎಣಿಕೆಯಕ್ಕನಿಗೆ. ಮೆಕ್ಯಾನಿಕ್ಕಿನ ಜೊತೆ ಅವಳ ಮದುವೆ ಗೊತ್ತಾಗಿ ಒಂದು ವಾರವಾಗಿತ್ತು. ಹದಿನೆಂಟನೆಯ ಸುತ್ತಿನಲ್ಲಿ ದೂರದ ತಿರುವಿನಲ್ಲಿ ಮೆಕ್ಯಾನಿಕ್ಕಿನ ಕಾರು ಬುಗುರಿಯಂತೆ ತಿರುಗಿ ಬೇಲಿಗೆ ಹೋಗಿ ಬಡಿಯಿತು. ಅವಳು ಎದ್ದು ನಿಂತಳು. ಪೆನ್ಸಿಲ್ ಉರುಳಿ ಕೆಳಗೆ ಬಿತ್ತು. ಬೇಲಿಯ ಹತ್ತಿರದ ಕಾರು ಮತ್ತೆ ಹೊರಟಿತು, ಇವಳ ಜೀವ ಬಂತು, ಬಗ್ಗಿ ಪೆನ್ಸಿಲ್ ತೆಗೆದು ಕೂತಳು. ಅಷ್ಟರಲ್ಲಿ ನೀರಣ್ಣನ ಕಾರು ಗೆರೆ ದಾಟಿ ಹೋಗಿತ್ತು. ಸದ್ದು ಕೇಳಿಸಿತ್ತು, ಕಣ್ಣು ನೋಡಿರಲಿಲ್ಲ.

ಕೊನೆಗೆ ನೀರಣ್ಣ ಗೆರೆ ದಾಟಿ, ಕಿಟಕಿಯಿಂದ ಕೈ ಎತ್ತಿ, ವೇಗ ಇಳಿಸಿದ. ಅವನ ಲೆಕ್ಕಕ್ಕೆ ಮೂವತ್ತಾಗಿತ್ತು. ಕಾಗದದ ಮೇಲೆ ಇಪ್ಪತ್ತೊಂಬತ್ತು ಗೀಟು. ಅರ್ಧ ಸುತ್ತು ಹಿಂದಿದ್ದ ಮೆಕ್ಯಾನಿಕ್ ಬಂದು ತನ್ನ ಮೂವತ್ತು ಮುಗಿಸಿದ, ಬಾವುಟ ಬಿದ್ದದ್ದು ಅವನಿಗೆ. ಒಂದು ಸುತ್ತು ಮುಂಚೆಯೇ ಕೈ ಎತ್ತಿದ ದಡ್ಡ ಎಂದು ಜನ ನೀರಣ್ಣನನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನು ಎಣಿಕೆ ಕೋಣೆಗೆ ಬಂದು ಕಾಗದ ನೋಡಿದ, ಇವಳ ಮುಖ ನೋಡಿದ. "ನೀವು ಅಂಥವರಲ್ಲ. ನನ್ನ ತಲೆಯೇ ಕೆಟ್ಟಿರಬೇಕು" ಎಂದ. ಇವಳ ಬಾಯಿಂದ ಮಾತೇ ಹೊರಡಲಿಲ್ಲ. ಅವತ್ತು ಹೊರಡದ ಮಾತು ಆಮೇಲೆ ಯಾವ ಭಾನುವಾರವೂ ಹೊರಡಲಿಲ್ಲ. ಎಣಿಕೆ ತಪ್ಪುವ ತಲೆ ಇಟ್ಟುಕೊಂಡು ಅಷ್ಟು ವೇಗದಲ್ಲಿ ಓಡಿಸಬಾರದು ಎಂದು ನೀರಣ್ಣ ರೇಸು ಬಿಟ್ಟ, ಟ್ಯಾಂಕರ್ ಹಿಡಿದ.

ಈಗ ಅದೇ ನೀರಣ್ಣ ಪೈಪು ಹಿಡಿದು ಗೋಡೆಗೆ ನೀರು ಬಿಡುತ್ತಿದ್ದ. ಮೆಕ್ಯಾನಿಕ್ಕಿನ ಹೆಸರು ಒದ್ದೆಯಾಗಿ ಹೊಸದಾಗಿ ಬರೆದಂತೆ ಹೊಳೆಯಿತು. "ಚೆನ್ನಾಗಿ ಬಂತು ನೋಡು ಬಣ್ಣ" ಎಂದು ನೀರಣ್ಣನೇ ಮೆಚ್ಚಿಕೊಂಡ. ಎಣಿಕೆಯಕ್ಕ ಟ್ರಂಕನ್ನು ನೆಲಕ್ಕಿಟ್ಟಳು. ಗೋಡೆ ಬಿದ್ದು ಹೋದರೆ ಮಾತಾಡಲು ಜಾಗವೇ ಉಳಿಯುವುದಿಲ್ಲ. ಕೊಯ್ದು ಮನೆಗೆ ತಂದರೆ ಸಾಯುವ ತನಕ ಗ್ಯಾರೇಜಿನ ಬಾಗಿಲಲ್ಲಿ ಅದರ ಕೆಳಗೇ ಓಡಾಡಬೇಕು.

"ಮಷಿನ್ ನಿಲ್ಲಿಸ್ರೀ" ಎಂದಳು.

"ಏನೇ ಅದು? ಟೈಮಿಲ್ಲ."

"ನಿಲ್ಲಿಸಿ ಅಂದೆ."

ಟ್ರಂಕಿನ ತಳದಲ್ಲಿ ಕೈ ಹಾಕಿ, ನೋಡದೆಯೇ ಆ ರೇಸಿನ ಕಾಗದವನ್ನು ತೆಗೆದಳು. ಅದು ಎಲ್ಲಿದೆ ಎಂದು ಅವಳು ಹುಡುಕಬೇಕಾಗಿರಲಿಲ್ಲ. ನಿಂತಲ್ಲೇ ಎಲ್ಲವನ್ನೂ ಹೇಳಿದಳು, ಎದ್ದು ನಿಂತದ್ದು, ಪೆನ್ಸಿಲ್ ಬಿದ್ದದ್ದು, ಸದ್ದು ಕೇಳಿಸಿದ್ದು. "ಬೇಕಂತ ಮಾಡಿದ್ದಲ್ಲ ನೀರಣ್ಣ. ಆದ್ರೆ ಆಮೇಲೆ ಹೇಳದೇ ಇದ್ದದ್ದು ಬೇಕಂತಲೇ. ನೀವು ಮೂವತ್ತು ಸುತ್ತು ಓಡಿಸಿದ್ರಿ" ಎಂದಳು. ಹೇಳುವ ತನಕ ಗಟ್ಟಿಯಾಗಿದ್ದವಳಿಗೆ ಹೇಳಿದ ಮೇಲೆ ಅಳು ಬಂತು.

ನೀರಣ್ಣನ ಕೈಯಲ್ಲಿದ್ದ ಪೈಪು ಅವನ ಚಪ್ಪಲಿಯ ಮೇಲೇ ನೀರು ಸುರಿಯುತ್ತಿತ್ತು. ಅವನಿಗೆ ಅದು ಗೊತ್ತಾಗಲಿಲ್ಲ.

"ಸ್ಟೀರಿಂಗ್ ಮೇಲೆ ಬೆರಳು ಬಡೀತಾ ಎಣಿಸ್ತಿದ್ದೆ" ಎಂದ. "ಮೂವತ್ತು ಸಲ ಬಡಿದಿದ್ದೆ. ಹಾಗಾದ್ರೆ ಸರಿಯಾಗೇ ಬಡಿದಿದ್ದೆ." ಆಮೇಲೆ ಯಾವತ್ತೂ ಇಲ್ಲದ ಗಡಸು ದನಿಯಲ್ಲಿ, "ಒಂದು ಮಾತು ಹೇಳೋಕೆ ಮೂವತ್ತೆಂಟು ವರ್ಷ ಬೇಕಾಯ್ತಾ ಅಕ್ಕ? ನನ್ನ ತಲೇನೇ ಸರಿಯಿಲ್ಲ ಅಂದ್ಕೊಂಡು ಬದುಕಿದೆನಲ್ಲ" ಎಂದ.

ಮೆಕ್ಯಾನಿಕ್ ಮಷಿನ್ನನ್ನು ನೆಲಕ್ಕಿಟ್ಟ. ಮುಖ ಬಿಳಿಚಿಕೊಂಡಿತ್ತು. ಹೆಂಡತಿಯ ಮೇಲೆ ರೇಗುತ್ತಾನೆ ಎಂದುಕೊಂಡರೆ, ಅವನು ನೋಡುತ್ತಿದ್ದುದು ನೀರಣ್ಣನನ್ನು. "ನಿನ್ನ ಎದುರಿಗೇ ಎಷ್ಟು ಸಲ ಕೊಚ್ಚಿಕೊಂಡೆನೋ" ಎಂದ. "ಕೈ ಎತ್ತಿದ್ದನ್ನ ಆಡಿ ತೋರಿಸಿ ನಗಿಸ್ತಿದ್ದೆ. ನೀನೂ ನಗ್ತಿದ್ದೆ."

"ನೀನು ಚೆನ್ನಾಗಿ ಮಾಡಿ ತೋರಿಸ್ತಿದ್ದೆ ಕಣೋ" ಎಂದ ನೀರಣ್ಣ.

ಬುಲ್ಡೋಜರಿನವನು ದೂರದಿಂದ ಕೈಗಡಿಯಾರ ತೋರಿಸಿದ. ಮೆಕ್ಯಾನಿಕ್ ಹೆಂಡತಿಯ ಕೈಯ ಕಾಗದದತ್ತ ಗದ್ದ ಎತ್ತಿ, "ಆ ಒಂದು ಗೀಟು ಹಾಕಿ ಕೊಡೇ ಅವನಿಗೆ" ಎಂದ.

ಎಣಿಕೆಯಕ್ಕ ಕಿವಿಯ ಹಿಂದಿನ ಪೆನ್ಸಿಲ್ ತೆಗೆದಳು. ಕಾಗದದ ಹತ್ತಿರ ಹೋದ ಕೈ ಅಲ್ಲೇ ನಿಂತಿತು. "ಹಾಕೋಕೆ ಬರಲ್ಲ" ಎಂದಳು. "ಆ ಸುತ್ತು ನಾನು ನೋಡಿಲ್ಲ."

"ಇನ್ನೂ ಅದೇ ಹಟ! ಟ್ರ್ಯಾಕೇ ಹೋಗ್ತಿದೆ, ಇವಳಿಗೆ ಕಟ್ಟುಪಾಡು!" ಎಂದು ಗಂಡ ಹಣೆ ಚಚ್ಚಿಕೊಂಡ.

ಆದರೆ ನೀರಣ್ಣನಿಗೆ ಅರ್ಥವಾಯಿತು. ಅವನು ಇಂಥದ್ದರಲ್ಲಿ ಅವಳಿಗಿಂತ ಒಂದು ಕೈ ಮೇಲು. "ಅಕ್ಕ ಹೇಳೋದು ಸರಿ. ನೋಡದೆ ಹಾಕಿದ ಗೀಟು ನಂಗೂ ಬೇಡ" ಎಂದವನೇ ಪೈಪು ಸುತ್ತಿಟ್ಟು ಟ್ಯಾಂಕರ್ ಹತ್ತಿದ. ಬುಲ್ಡೋಜರಿನವನಿಗೆ ಕಿಟಕಿಯಿಂದ, "ಐದು ನಿಮಿಷ ತಮ್ಮಾ, ಒಂದು ಸುತ್ತು ಬಾಕಿ ಇದೆ" ಎಂದು ಕೂಗಿದ. ಅವನಿಗೆ ಏನೂ ತಿಳಿಯದಿದ್ದರೂ ತಲೆಯಾಡಿಸಿದ.

ಎಣಿಕೆಯಕ್ಕ ಮಂಡಿ ನೋವನ್ನು ಬೈದುಕೊಳ್ಳುತ್ತ ಮತ್ತೆ ಮೆಟ್ಟಿಲು ಹತ್ತಿದಳು. ಕುರ್ಚಿಗಳನ್ನು ಆಗಲೇ ಯಾರೋ ಸಾಗಿಸಿದ್ದರು, ನಿಂತೇ ಮೇಜಿನ ಮೇಲೆ ಕಾಗದ ಹರಡಿದಳು. ಟ್ಯಾಂಕರ್ ಗೆರೆಯಿಂದ ಹೊರಟಿತು. ಹಳೆಯ ಅಭ್ಯಾಸ, ಹಿಂದಿನಿಂದ ನೀರು ಬಿಡುತ್ತಲೇ ಹೋಯಿತು, ನಾಳೆ ರೇಸಿದೆಯೇನೋ ಎನ್ನುವಂತೆ. ಮೊದಲ ತಿರುವು ದಾಟಿತು. ದೂರದ ತಿರುವಿನಲ್ಲಿ ಬೇಲಿಯ ಪಕ್ಕ ಬಂದಾಗ ಅವಳು ಪೆನ್ಸಿಲ್ ಬೀಳದಂತೆ ಮುಷ್ಟಿಯಲ್ಲಿ ಹಿಡಿದಳು. ಕೆಳಗೆ ಗಂಡ ಬಾವುಟವಿಲ್ಲದೆ, ಜೇಬಿನ ಮಸಿಬಟ್ಟೆಯನ್ನೇ ಬಿಚ್ಚಿ ಹಿಡಿದು ಗೆರೆಯ ಕಡೆ ಓಡಿದ್ದು ಗೊತ್ತಾಯಿತು. ಟ್ಯಾಂಕರ್ ಕೊನೆಯ ನೇರ ದಾರಿಗೆ ಬಂತು. ಅಷ್ಟರಲ್ಲಿ ಕೆಳಗೆ ಒದ್ದೆ ಮಣ್ಣಿನಲ್ಲಿ ದೊಪ್ಪನೆ ಬಿದ್ದ ಸದ್ದು, ಹಿಂದೆಯೇ "ಅಯ್ಯೋ ಸೊಂಟಾ!" ಎಂದು ಗಂಡನ ಕೂಗು.

ಅವಳು ತಿರುಗಲಿಲ್ಲ. ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದು ಟ್ಯಾಂಕರಿನ ಮುಂದಿನ ಚಕ್ರವನ್ನೇ ನೋಡಿದಳು. ಚಕ್ರ ಗೆರೆ ದಾಟಿತು. ಗೀಟು ಹಾಕಿದಳು. "ಮೂವತ್ತು!" ಎಂದು ಕೂಗಿದಳು. ಆಮೇಲಷ್ಟೇ ಗಂಡನ ಕಡೆ ನೋಡಿದಳು. ಅವನು ಕೆಸರಿನಲ್ಲಿ ಕೂತುಕೊಂಡೇ ಮಸಿಬಟ್ಟೆ ಬೀಸುತ್ತಿದ್ದ, ಕಣ್ಣಿನಲ್ಲಿ ನೀರಿತ್ತು. ನೀರಣ್ಣ ಕಿಟಕಿಯಿಂದ ಕೈ ಎತ್ತಿದ. ಈ ಸಲ ಯಾರೂ ನಗಲಿಲ್ಲ.

ಗೋಡೆ ಒಂದು ಗಂಟೆಗೆ ಸರಿಯಾಗಿ ಬಿತ್ತು. ಸೀಮೆಸುಣ್ಣದ ಚೌಕವೂ ಅದರೊಡನೆ ಹೋಯಿತು. ಮೆಕ್ಯಾನಿಕ್ ಮಷಿನ್ನನ್ನು ಆಗಲೇ ಗಾಡಿಗೆ ಹಾಕಿದ್ದ. ನೋಡುತ್ತ ನಿಂತವನು ಒಂದು ಸಲ ಮೂಗು ಒರೆಸಿಕೊಂಡ, ಅಷ್ಟೇ.

ಧೂಳು ಕೂತ ಮೇಲೆ ಎಣಿಕೆಯಕ್ಕ ಕಾಗದದ ಕೆಳಗೆ ಸಹಿ ಮಾಡಿ ನೀರಣ್ಣನಿಗೆ ಕೊಟ್ಟಳು. ಅವನು ಟ್ಯಾಂಕರಿನ ಮೆಟ್ಟಿಲ ಮೇಲೆ ಕೂತು, ತೋರುಬೆರಳನ್ನು ಮೊದಲ ಗೀಟಿನ ಮೇಲಿಟ್ಟು, ತುಟಿಯಲ್ಲೇ ಎಣಿಸುತ್ತ ಹೋದ. ಇಪ್ಪತ್ತೊಂಬತ್ತು ಮಾಸಿದ ಗೀಟುಗಳು, ಕೊನೆಗೆ ಕಪ್ಪಗಿನದೊಂದು. ಮೂವತ್ತಕ್ಕೆ ಬೆರಳು ನಿಂತಿತು. ಗಂಡ ಹೆಂಡತಿ ಇಬ್ಬರೂ ಅವನು ಮತ್ತೆ ಮೊದಲಿನಿಂದ ಶುರುಮಾಡುವುದನ್ನು ಕಾಯುತ್ತ ನಿಂತರು.

ಅವನು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು ಎದ್ದ.