ಜಲಜ ಕೊಟ್ಟ ಹೇಳಿಕೆ

ಮೋಕ್ಷಿತಾಳಿಗೆ ಹೊಡೆದದ್ದು ಹಾಡುಹಗಲಿನಲ್ಲಿ, ಬೀಜಾಡಿಯ ಕಡಲ ಬದಿಯ ರಸ್ತೆಯಲ್ಲಿ. 2018ರ ಮೇ ತಿಂಗಳು. ಮಕ್ಕಳ ಕಳ್ಳರು ಮಂಗಳಮುಖಿಯರ ವೇಷದಲ್ಲಿ ತಿರುಗುತ್ತಿದ್ದಾರೆ ಎಂಬ ಸುಳ್ಳು ಸುದ್ದಿ ಆ ದಿನಗಳಲ್ಲಿ ಎಲ್ಲರ ಮೊಬೈಲಿನಲ್ಲೂ ಓಡಾಡುತ್ತಿತ್ತು.

ಮೋಕ್ಷಿತಾಳಿಗೆ ಇಪ್ಪತ್ತೆರಡು ವರ್ಷ. ಗಂಡಾಗಿ ಹುಟ್ಟಿದ ಮಗು ಹೆಣ್ಣಾಗಿಯೇ ಬದುಕುತ್ತೇನೆ ಎಂದಾಗ ಶಿರೂರಿನ ಮನೆಯವರು ಹೊರಗೆ ಹಾಕಿದ್ದರು. ಅವಳಿಗೆ ನೆಲೆ ಕೊಟ್ಟವಳು ಪದ್ದು, ಅವಳಂಥದೇ ದಾರಿ ಸವೆಸಿದ ಹಿರಿಯಳು. ಇಬ್ಬರೂ ಒಂದು ಬಾಡಿಗೆ ಕೋಣೆಯಲ್ಲಿದ್ದುಕೊಂಡು ಮನೆಮನೆಗೆ ಒಣಮೀನು ಮಾರುತ್ತಿದ್ದರು. ಅಂದು ಮೋಕ್ಷಿತಾ ಬುಟ್ಟಿ ಹೊತ್ತು ಹೋಗುತ್ತಿದ್ದಾಗ ಪುಟ್ಟ ಹುಡುಗಿಯೊಬ್ಬಳು ಚೆಂಡಿನ ಹಿಂದೆ ಗೇಟು ದಾಟಿ ರಸ್ತೆಗೆ ಓಡಿಬಂದಳು. ಎದುರಿಗೆ ಟೆಂಪೋ. ಮೋಕ್ಷಿತಾ ಬುಟ್ಟಿ ಬಿಸಾಡಿ ಮಗುವಿನ ಕೈ ಹಿಡಿದು ಈಚೆ ಎಳೆದಳು. ಹೆದರಿದ ಮಗು ಜೋರಾಗಿ ಅತ್ತಿತು.

"ಹಿಡ್ಕಣಿ! ಮಕ್ಳ್ ಕಳ್ಳರ್!" ಎಂದು ಮೊದಲು ಕೂಗಿದವನು ರತನ್, ಬೋಟಿನ ಯಜಮಾನ ದುಗ್ಗಪ್ಪನ ಮಗ. ಆಮೇಲೆ ಅವಳ ಮಾತು ಯಾರೂ ಕೇಳಲಿಲ್ಲ. ಕೂದಲು ಹಿಡಿದು ಎಳೆದರು, ಒದ್ದರು, ವೀಡಿಯೋ ಮಾಡಿದರು.

ಪದ್ದು ಅವಳನ್ನು ಆಸ್ಪತ್ರೆಗೆ ಕರೆದೊಯ್ದು ಕಟ್ಟು ಹಾಕಿಸಿ, ಅಲ್ಲಿಂದ ನೇರ ಪೊಲೀಸ್ ಠಾಣೆಗೆ ಹೋದಳು.

"ಕೇಸು ಯಾಕೆ? ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸ್ತೇನೆ," ಎಂದರು ಸಬ್ ಇನ್ಸ್‌ಪೆಕ್ಟರ್. ಅವರು ಬಯಲುಸೀಮೆಯ ಕಡೆಯವರು.

"ರಾಜಿ ಮಾಡುಕೆ ಇದ್ ಬೇಲಿ ಜಗಳ ಅಲ್ಲ ಸಾಯ್ಬ್ರೆ. ನಾಕ್ ವರ್ಷದ್ ಹಿಂದೆ ಸುಪ್ರೀಂ ಕೋರ್ಟೇ ಹೇಳಿತ್, ನಮ್ಗೂ ಎಲ್ಲರ್ ಹಾಂಗೇ ಹಕ್ಕ್ ಇತ್ತಂದೇಳಿ. ನೀವ್ ಬರ್ಕಂಬು ತನಕ ನಾ ಇಲ್ಲೇ ಕೂತ್ಕಂತೆ."

"ಮಗು ಕದೀತಿದ್ದಳು ಅಂತ ಹತ್ತು ಜನ ಹೇಳ್ತಿದ್ದಾರಮ್ಮ. ಅಲ್ಲ ಅನ್ನೋಕೆ ನಿಮ್ಮ ಕಡೆ ಒಬ್ಬರಾದರೂ ಇದ್ದಾರಾ?"

ಮೋಕ್ಷಿತಾ ಊದಿದ ತುಟಿಯಲ್ಲೇ ಹೇಳಿದಳು: "ಮೀನ್ ಬುಟ್ಟಿ ಹೊತ್ಕಂಡ್ ಒಬ್ರ್ ನಿಂತಿದ್ರ್. ಎಡಗಾಲ್ ಎಳ್ಕಂಡ್ ನಡೀತ್ರಲೆ, ಅವ್ರ್. ಎಲ್ಲ ಕಂಡ್ರ್. ಮತ್ತೆ ಹೋದ್ರ್."

ಪದ್ದುವಿಗೆ ಬೇರೆ ಗುರುತು ಬೇಕಿರಲಿಲ್ಲ. ಅದು ಅವಳ ಒಡಹುಟ್ಟಿದ ಅಕ್ಕ ಜಲಜ.

ಪದ್ದು ಇದೇ ಊರಿನವಳು. ಅಪ್ಪ ಇಟ್ಟದ್ದು ಪದ್ಮನಾಭ ಎಂಬ ಹೆಸರು. ಅವಳು ತಾನಾಗಿ ಇಟ್ಟುಕೊಂಡದ್ದು ಪದ್ಮಾವತಿ. 1999ರಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ, ಅಕ್ಕನ ಸೀರೆ ಉಟ್ಟದ್ದಕ್ಕೆ ಚಿಕ್ಕಪ್ಪಂದಿರು ಅಂಗಳದಲ್ಲಿ ಕೆಡವಿ ಹೊಡೆದಿದ್ದರು. ಜಲಜ ಬಾಗಿಲ ಹಿಂದೆ ನಿಂತವಳು ಹೊರಗೆ ಬರಲಿಲ್ಲ. ಪದ್ದು ಬೊಂಬಾಯಿ ಸೇರಿದಳು. ಹದಿನೈದು ವರ್ಷ ಕಳೆದು ಊರಿಗೆ ಮರಳಿದರೂ ಅಕ್ಕ ದಾರಿಯಲ್ಲಿ ತಲೆ ತಗ್ಗಿಸಿ ದಾಟುತ್ತಿದ್ದಳೇ ಹೊರತು ಮಾತಾಡಿದವಳಲ್ಲ.

ಅಂದು ಮಧ್ಯಾಹ್ನವೇ ಪದ್ದು ಅಕ್ಕನ ಮನೆಗೆ ಹೋದಳು. ಭಾವ ಕುಷ್ಟ ಜಗಲಿಯಲ್ಲಿ ಬಲೆ ಸರಿಮಾಡುತ್ತಿದ್ದ. ಜಲಜ ಹೊಸ್ತಿಲಲ್ಲೇ ನಿಂತಳು.

"ಎಂತಕ್ ಬಂದ್ದ್?"

"ನೀ ಕಂಡದ್ನ ಠಾಣೆಯಂಗೆ ಹೇಳ್ಕ್ ಅಂದೇಳಿ ಕರುಕೆ ಬಂದೆ."

"ನಾ ಎಂತದೂ ಕಾಣ್ಲಿಲ್ಲೆ."

"ಅಕ್ಕ, ಅವತ್ತ್ ಅಂಗಳದಂಗೆ ನಾ ಕೂಗ್ದದ್ದ್ ನಿಂಗೆ ಕೇಣ್ಲಿಲ್ಯಾ?"

ಜಲಜಳ ಕಣ್ಣು ತುಂಬಿತು. ಆದರೆ ಮಾತು ಗಟ್ಟಿಯಾಗಿಯೇ ಬಂತು. "ಇವ್ರ್ ಹೋಪ್ದ್ ದುಗ್ಗಪ್ಪಣ್ಣನ್ ಬೋಟಿಗೆ. ಅವ್ರ್ ಮಗನ್ ಮೇಲೆ ನಾ ಹೇಳ್ರೆ ನಾಳೆ ಇವ್ರನ್ನ ಕರಿತ್ರಾ? ನಾವ್ ಎಂತ ತಿಂಬ್ದ್?"

"ನಂಗೆ ಗೊತ್ತಿಲ್ಲೆ," ಎಂದಳು ಪದ್ದು. "ಆರೆ ಈ ಹೆಣ್ಣಿನ ನಾ ಊರ್ ಬಿಟ್ ಓಡುಕೆ ಬಿಡುದಿಲ್ಲೆ. ನಾ ಓಡ್ದದ್ದ್ ಸಾಕ್."

ಮರುದಿನ ಬೆಳಿಗ್ಗೆ ಪದ್ದುವೂ ಮೋಕ್ಷಿತಾಳೂ ಮತ್ತೆ ಠಾಣೆಯ ಬೆಂಚಿನ ಮೇಲೆ ಕುಳಿತಿದ್ದರು. ಹತ್ತು ಗಂಟೆಯ ಹೊತ್ತಿಗೆ ರಿಕ್ಷಾವೊಂದು ಬಂದು ನಿಂತಿತು. ಇಳಿದವಳು ಜಲಜ. ಹಿಂದೆ ಕುಷ್ಟ. ಅವರ ಜೊತೆಗೆ, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡ ಒಬ್ಬ ಹೆಂಗಸು. ಆಕೆ ಶ್ರೀಲತಾ, ಆ ಮಗುವಿನ ತಾಯಿ, ಜಲಜಳ ಹತ್ತಿರ ದಿನವೂ ಮೀನು ಕೊಳ್ಳುವವಳು. ಮತ್ತೊಮ್ಮೆ ಬಾಗಿಲ ಹಿಂದೆ ನಿಲ್ಲಲು ಮನಸ್ಸಾಗದೆ, ಬೆಳಗಾಗುತ್ತಲೇ ಜಲಜ ಅವಳ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದ್ದಳು.

"ನಾನ್ ಒಳ್ಗಿದ್ದೆ ಸರ್, ಜನ ಹೇಳದ್ದ್ ನಂಬ್ದೆ," ಎಂದಳು ಶ್ರೀಲತಾ. "ಇವತ್ತ್ ಮಗು ಹತ್ರ ಕೇಂಡ್ರೆ, ಚೆಂಡ್ ಹೆಕ್ಕುಕೆ ಹೋದ್ದ್, ಅಕ್ಕ ಎಳೀತ್ ಅಂತ್. ಇವ್ರಿಲ್ದಿದ್ರೆ ನನ್ ಮಗು ಉಳೀತಿರ್ಲಿಲ್ಲೆ." ಅವಳು ಮೋಕ್ಷಿತಾಳ ಪಕ್ಕದಲ್ಲೇ ಕುಳಿತು ಕೈ ಹಿಡಿದುಕೊಂಡಳು.

ಜಲಜಳ ಹೇಳಿಕೆ ಬರೆದುಕೊಳ್ಳಲು ಕುಳಿತ ಪೇದೆ ಚಂದಯ್ಯ ಕೇಳಿದ: "ಪದ್ದು ನಿಮ್ಗೆ ಎಂತ ಆಯ್ಕ್?"

"ತಂಗಿ."

"ದಾಖ್ಲೆಯಂಗೆ ತಮ್ಮ ಅಂದೇಳಿ ಇಪ್ಪುದಲ್ದಾ?"

"ದಾಖ್ಲೆ ನಂಗೊತ್ತಿಲ್ಲೆ. ನೀವ್ ತಂಗಿ ಅಂದೇಳಿ ಬರೀನಿ."

ಚಂದಯ್ಯ ಸಬ್ ಇನ್ಸ್‌ಪೆಕ್ಟರರ ಮುಖ ನೋಡಿದ. "ಹೇಳಿದ ಹಾಗೇ ಬರಿ," ಎಂದರು ಅವರು. ಹತ್ತೊಂಬತ್ತು ವರ್ಷಗಳಲ್ಲಿ ಒಮ್ಮೆಯೂ ಯಾರೆದುರೂ ಅಳದ ಪದ್ದು ಎದ್ದು ಹೊರಗಿನ ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡಳು.

ಕೇಸು ದಾಖಲಾಯಿತು. ರತನ್ ಮತ್ತು ಅವನ ಇಬ್ಬರು ಗೆಳೆಯರ ಬಂಧನವಾಗಿ, ಆಮೇಲೆ ಜಾಮೀನು ಸಿಕ್ಕಿತು. ವಿಚಾರಣೆ ಕುಂದಾಪುರದ ಕೋರ್ಟಿನಲ್ಲಿ ಇನ್ನೂ ನಡೆಯುತ್ತಿದೆ. ಒಂದು ದಿನವೂ ತಪ್ಪದೆ ಮೋಕ್ಷಿತಾ ಹೋಗುತ್ತಾಳೆ. ದುಗ್ಗಪ್ಪ ಹೇಳಿಕಳಿಸಿದ್ದು ಜಲಜ ಹೆದರಿದ್ದ ಮಾತನ್ನೇ, ಕುಷ್ಟ ಇನ್ನು ಬೋಟಿಗೆ ಬರುವುದು ಬೇಡ ಎಂದು. ಮಳೆಗಾಲವೆಲ್ಲ ಕಷ್ಟವಾಯಿತು. ಸೆಪ್ಟೆಂಬರಿನಲ್ಲಿ ಗಂಗೊಳ್ಳಿಯ ನೆಂಟರೊಬ್ಬರು ತಮ್ಮ ದೋಣಿಗೆ ಅವನನ್ನು ಕರೆದುಕೊಂಡರು.

ಗ್ರಾಮಸಭೆಯಲ್ಲಿ ಪದ್ದು ಎದ್ದು ನಿಂತು, ಮಕ್ಕಳ ಕಳ್ಳರ ಆ ಸುದ್ದಿ ಸುಳ್ಳೆಂದು ಪಂಚಾಯಿತಿಯೇ ಸಾರಬೇಕೆಂದು ಕೇಳಿದಳು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಮೀನು ಮಾರುವ ಹೆಂಗಸರೆಲ್ಲ ಒಟ್ಟಿಗೆ ತಿರುಗಿ ನೋಡಿದ ಮೇಲೆ ನಗು ನಿಂತಿತು. ಆ ವಾರ ಬೀಜಾಡಿಯ ಓಣಿಗಳಲ್ಲೆಲ್ಲ ರಿಕ್ಷಾಕ್ಕೆ ಮೈಕು ಕಟ್ಟಿ ಸಾರಿದರು.

ನವರಾತ್ರಿಯ ಹೊತ್ತಿಗೆ ಜಲಜ ಮೊದಲ ಬಾರಿ ಪದ್ದುವಿನ ಕೋಣೆಗೆ ಬಂದಳು. ಸುತ್ತ ಕಣ್ಣಾಡಿಸಿ, "ಎಂತ ಮಾರಾಯ್ತಿ, ಇಷ್ಟ್ ಸಣ್ಣ ಜಾಗದಂಗೆ ಇಬ್ರ್ ಹ್ಯಾಂಗ್ ಇಪ್ದ್?" ಎಂದು ಗದರಿದಳು. ನೋಯುತ್ತಿದ್ದ ಕಾಲು ಚಾಚಿ ಚಾಪೆಯ ಮೇಲೆ ಕುಳಿತು, ಮೋಕ್ಷಿತಾಳಿಗೆ ಹೇಳಿದಳು: "ಹೆಣ್ಣೇ, ಒಂದ್ ಚಾ ಮಾಡ್ ಕಾಂಬ."